ಗಡಿ ಮುಚ್ಚಿದ ಕಾಲದಲ್ಲಿ ವಿದೇಶಿ ವಿದ್ಯಾರ್ಥಿ: ಕರೆಸಿಕೊಳ್ಳುವುದು ಹೇಗೆ, ಉಳಿಸಿಕೊಳ್ಳುವುದು ಹೇಗೆ

2020ರ ಮಾರ್ಚ್ 10ರಂದು ಕಲಬುರಗಿಯ ಹಿರಿಯರೊಬ್ಬರು ತೀರಿಕೊಂಡರು. ಎರಡು ದಿನದ ನಂತರ ಅದು ದೇಶದ ಮೊದಲ ಕೋವಿಡ್ ಸಾವು ಎಂದು ಖಚಿತವಾಯಿತು. ಮಾರ್ಚ್ 13ರಿಂದ ಭಾರತ ಹೆಚ್ಚುಕಡಿಮೆ ಎಲ್ಲ ವೀಸಾಗಳನ್ನೂ ಅಮಾನತಿನಲ್ಲಿಟ್ಟಿತು. ಆ ವಾರ ಕಠ್ಮಂಡುವಿನಲ್ಲೋ ಲಾಗೋಸ್‌ನಲ್ಲೋ ಕೂತ ತಂದೆಯೊಬ್ಬ ಮಗನನ್ನು ಓದಲು ಕಳಿಸಬೇಕೆಂದು ಕಲಬುರಗಿಯ ಹೆಸರನ್ನು ಗೂಗಲ್‌ನಲ್ಲಿ ಹುಡುಕಿದ್ದರೆ ಮೊದಲು ಕಾಣುತ್ತಿದ್ದದ್ದು ವಿಶ್ವವಿದ್ಯಾಲಯವಲ್ಲ, ಈ ಸುದ್ದಿ.

ವಿದೇಶಿ ವಿದ್ಯಾರ್ಥಿ ಎಂದರೆ ಬೆಂಗಳೂರು, ಮೈಸೂರು, ಮಣಿಪಾಲದ ವಿಷಯ ಎಂದು ನಮ್ಮ ಭಾಗದಲ್ಲಿ ಅಂದುಕೊಳ್ಳುವುದುಂಟು. ಈಗ ಹಾಗಿಲ್ಲ. ಕಲಬುರಗಿಯಲ್ಲಿ 1980ರ ಗುಲಬರ್ಗಾ ವಿಶ್ವವಿದ್ಯಾಲಯವಿದೆ, ಆಳಂದ ರಸ್ತೆಯ ಕಡಗಂಚಿಯಲ್ಲಿ 2009ರ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಖಾಸಗಿ ವಿಶ್ವವಿದ್ಯಾಲಯಗಳೂ ಬಂದಿವೆ. ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ಹೊರದೇಶದವರನ್ನು ಸೇರಿಸಿಕೊಳ್ಳಿ ಎಂದು ಸರ್ಕಾರವೇ ಇವುಗಳಿಗೆ ಹೇಳುತ್ತಿದೆ. ಬಂದವರು ಖೋಲಿ ಬಾಡಿಗೆ ಹಿಡಿಯುತ್ತಾರೆ, ಖಾನಾವಳಿಯಲ್ಲಿ ಉಣ್ಣುತ್ತಾರೆ, ನಮ್ಮ ಮಕ್ಕಳ ಪಕ್ಕದ ಬೆಂಚಿನಲ್ಲಿ ಕೂರುತ್ತಾರೆ. ಮಹಾಮಾರಿಯಂಥ ಕಾಲದಲ್ಲಿ ಇವರ ಬರುವಿಕೆ, ಇರುವಿಕೆ ಏಕೆ ಕುಸಿಯುತ್ತದೆ, ಕುಸಿಯದಂತೆ ಏನು ಮಾಡಬಹುದು ಎಂಬುದನ್ನು 2020ರಿಂದ 2022ರವರೆಗಿನ ಅನುಭವ ಸಾಕಷ್ಟು ಸ್ಪಷ್ಟವಾಗಿ ತೋರಿಸಿದೆ.

ಅಂದಹಾಗೆ ಬೀದರಿಗೆ ಇದು ಹೊಸತಲ್ಲ. 1472ರ ಸುಮಾರಿಗೆ ಮಹಮೂದ್ ಗವಾನ್ ಕಟ್ಟಿಸಿದ ಮದರಸಾಕ್ಕೆ ದೂರದೇಶದ ವಿದ್ವಾಂಸರು ಬರುತ್ತಿದ್ದರು. ಗವಾನ್ ಸ್ವತಃ ಇರಾನಿನ ಗೀಲಾನ್‌ನಿಂದ ಬಂದವನು.

ಯಾರು ವಿದೇಶಿ ವಿದ್ಯಾರ್ಥಿ? ಯಾರ ಸೀಟು?

ಬೇರೆ ದೇಶದ ಪಾಸ್‌ಪೋರ್ಟ್ ಹಿಡಿದು ಇಲ್ಲಿ ಓದಲು ಬಂದವರು ವಿದೇಶಿ ವಿದ್ಯಾರ್ಥಿಗಳು. ದುಬೈಯಲ್ಲಿ ದುಡಿಯುವ ಆಳಂದದವರ ಮಗಳ ಬಳಿ ಭಾರತದ ಪಾಸ್‌ಪೋರ್ಟ್ ಇದ್ದರೆ ಆಕೆ ಅನಿವಾಸಿ ಭಾರತೀಯರ ಮಗಳು, ವಿದೇಶಿ ವಿದ್ಯಾರ್ಥಿನಿಯಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಪ್ರವೇಶ ಅರ್ಜಿಯಲ್ಲೇ ತಪ್ಪು ಅಂಕಣ ತುಂಬುವವರಿದ್ದಾರೆ. ನೇಪಾಳ ಮತ್ತು ಭೂತಾನದವರಿಗೆ ಭಾರತಕ್ಕೆ ಬರಲು ವೀಸಾ ಬೇಕಿಲ್ಲ. ಉಳಿದವರಿಗೆ ವಿದ್ಯಾರ್ಥಿ ವೀಸಾ ಬೇಕು. ಆ ವೀಸಾದಲ್ಲಿ ಬಂದವರು ಇಲ್ಲಿ ಸಾಮಾನ್ಯವಾಗಿ ಕೆಲಸ ಮಾಡಿ ದುಡಿಯುವಂತಿಲ್ಲ. ಮುಂದೆ ಹಣದ ಮಾತು ಬಂದಾಗ ಇದನ್ನು ನೆನಪಿಟ್ಟುಕೊಳ್ಳಿ.

‘ನಮ್ಮ ಮಕ್ಕಳ ಸೀಟು ಹೋಗುತ್ತದಾ?’ ಎಂಬುದು ಇಲ್ಲಿನ ಪಾಲಕರ ಮೊದಲ ಪ್ರಶ್ನೆ. ಇಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಮಂಜೂರಾದ ಸೀಟುಗಳ ಮೇಲೆ ಶೇ. 25ರವರೆಗೆ ಹೆಚ್ಚುವರಿ ಸೀಟುಗಳನ್ನು ವಿದೇಶಿಯರಿಗಾಗಿ ಸೃಷ್ಟಿಸಬಹುದು. 60 ಸೀಟಿನ ವಿಭಾಗವಿದ್ದರೆ ಆ 60 ಹಾಗೇ ಇರುತ್ತದೆ, ಅದರ ಮೇಲೆ 15 ಸೇರುತ್ತದೆ. ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ಸಿಗುವ ಶೇ. 70ರ ಲೆಕ್ಕ ಆ 60ರಲ್ಲೇ ನಡೆಯುತ್ತದೆ. ಹೆಚ್ಚುವರಿ 15 ಖಾಲಿ ಉಳಿದರೂ ಅವನ್ನು ಬೇರೆಯವರಿಗೆ ಕೊಡುವಂತಿಲ್ಲ. ವೈದ್ಯಕೀಯದಂಥ ವೃತ್ತಿ ಕೋರ್ಸುಗಳಿಗೆ ಆಯಾ ಮಂಡಳಿಯ ನಿಯಮ ಬೇರೆ. ಎಂಬಿಬಿಎಸ್‌ಗೆ ವಿದೇಶಿಯರೂ ನೀಟ್ ಬರೆಯಲೇಬೇಕು.

ನಷ್ಟ ತಡವಾಗಿ ಕಾಣುವುದೇಕೆ?

ಕೇಂದ್ರ ಸರ್ಕಾರದ ಉನ್ನತ ಶಿಕ್ಷಣ ಸಮೀಕ್ಷೆಯಂತೆ 2019-20ರಲ್ಲಿ ಭಾರತದಲ್ಲಿ 49,348 ವಿದೇಶಿ ವಿದ್ಯಾರ್ಥಿಗಳಿದ್ದರು. 2020-21ರಲ್ಲಿ 48,035, 2021-22ರಲ್ಲಿ 46,878. ಜಗತ್ತೇ ಬಾಗಿಲು ಹಾಕಿಕೊಂಡ ವರ್ಷ ಇಳಿದದ್ದು ಸಾವಿರದ ಚಿಲ್ಲರೆ ಮಾತ್ರ. ಹಾಗಾದರೆ ಪೆಟ್ಟು ಬಿದ್ದಿಲ್ಲವೇ?

ಬಿದ್ದಿದೆ, ಆದರೆ ಈ ಅಂಕಿಯಲ್ಲಿ ಅದು ಪೂರ್ತಿ ಕಾಣುವುದಿಲ್ಲ. ಇದು ಆ ವರ್ಷ ಹೊಸದಾಗಿ ಬಂದವರ ಲೆಕ್ಕವಲ್ಲ, ಹೆಸರು ನೋಂದಾಯಿಸಿಕೊಂಡಿರುವ ಎಲ್ಲರ ಲೆಕ್ಕ. ಮಧ್ಯದ ನಿಲ್ದಾಣಗಳಲ್ಲಿ ಯಾರೂ ಹತ್ತದ ರೈಲೊಂದನ್ನು ಊಹಿಸಿಕೊಳ್ಳಿ. ವಾಡಿ ಜಂಕ್ಷನ್‌ನಲ್ಲಿ ಅದರ ಒಂದು ಬೋಗಿ ಖಾಲಿ ಹೊರಟರೆ ಕೊನೆಯ ನಿಲ್ದಾಣದವರೆಗೂ ಖಾಲಿಯೇ ಹೋಗುತ್ತದೆ. ಕಾಲೇಜಿನ ಬ್ಯಾಚೂ ಹಾಗೆಯೇ. ನಾಲ್ಕು ವರ್ಷದ ಕೋರ್ಸಿಗೆ ವರ್ಷಕ್ಕೆ 10 ಜನರಂತೆ ಬಂದರೆ ಒಟ್ಟು 40. ಒಂದು ವರ್ಷ ಬರೀ ಇಬ್ಬರು ಬಂದರು ಎನ್ನಿ. ಒಟ್ಟು 32ಕ್ಕೆ ಇಳಿಯುತ್ತದೆ. ಮರುವರ್ಷ ಮತ್ತೆ 10 ಜನ ಬಂದರೂ 32ರಲ್ಲೇ ಇರುತ್ತದೆ, ಅದರ ಮರುವರ್ಷವೂ ಅಷ್ಟೇ. ಆ ಸಣ್ಣ ಬ್ಯಾಚು ಪದವಿ ಮುಗಿಸಿ ಹೋದ ಮೇಲೆಯೇ 40 ಮರಳುವುದು. ಒಂದು ವರ್ಷದ ಎಡವಟ್ಟಿಗೆ ನಾಲ್ಕು ವರ್ಷದ ಶುಲ್ಕ ಹೋಯಿತು.

ಇದನ್ನೇ ತಿರುಗಿಸಿ ನೋಡಿದರೆ ಉಪಾಯ ಸಿಗುತ್ತದೆ. ಗಡಿ ಮುಚ್ಚಿದಾಗ ಹೊಸಬರು ಬರುವುದು ಕಾಲೇಜಿನ ಕೈಯಲ್ಲಿಲ್ಲ. ಆದರೆ ಈಗಾಗಲೇ ಹೆಸರು ಹಚ್ಚಿದ ಮೂವತ್ತು ಜನರು ಬಿಟ್ಟುಹೋಗದಂತೆ ನೋಡಿಕೊಳ್ಳುವುದು ಬಹುಮಟ್ಟಿಗೆ ಅದರ ಕೈಯಲ್ಲೇ ಇದೆ. ಹೊಸಬರನ್ನು ಕರೆತರುವವರೂ ಇವರೇ. ದೂರದೇಶದ ಹುಡುಗ ಮಾಹಿತಿ ಪುಸ್ತಿಕೆ ಓದಿ ನಿರ್ಧರಿಸುವುದಿಲ್ಲ. ತನ್ನ ಊರಿನಿಂದ ಹೋದ ಅಣ್ಣನಿಗೆ ವಾಟ್ಸ್‌ಆ್ಯಪ್‌ನಲ್ಲಿ ‘ಅಲ್ಲಿ ಹೇಗಿದೆ?’ ಎಂದು ಕೇಳುತ್ತಾನೆ. ಆ ಅಣ್ಣ ಲಾಕ್‌ಡೌನ್‌ನಲ್ಲಿ ಊಟವಿಲ್ಲದೆ ಕೂತಿದ್ದರೆ ಎಂಥ ಜಾಹೀರಾತೂ ಕೆಲಸಕ್ಕೆ ಬರುವುದಿಲ್ಲ.

ಬಾಗಿಲುಗಳು ಯಾವಾಗ ಮುಚ್ಚಿದವು, ಯಾವಾಗ ತೆರೆದವು?

ವಿದ್ಯಾರ್ಥಿ ಇಲ್ಲಿಗೆ ತಲುಪಬೇಕಾದರೆ ವೀಸಾ, ವಿಮಾನ, ಪಾಠ, ಹಣ ಈ ನಾಲ್ಕೂ ಏಕಕಾಲಕ್ಕೆ ಕೂಡಿಬರಬೇಕು. ಮಹಾಮಾರಿಯಲ್ಲಿ ಅವು ಬೇರೆಬೇರೆ ದಿನ ಮುಚ್ಚಿ ಬೇರೆಬೇರೆ ದಿನ ತೆರೆದವು. ವೀಸಾ ನಿಂತದ್ದು 2020ರ ಮಾರ್ಚ್ 13ಕ್ಕೆ. ಅದಾಗಿ ಹತ್ತು ದಿನದೊಳಗೆ ಅಂತರರಾಷ್ಟ್ರೀಯ ವಿಮಾನಗಳ ನಿಯಮಿತ ಸಂಚಾರ ನಿಂತಿತು. ವಿದ್ಯಾರ್ಥಿ ವೀಸಾಗಳು ಮತ್ತೆ ಜೀವ ಪಡೆದದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ನಿಯಮಿತ ವಿಮಾನಗಳು ಮರಳಿದ್ದು ಮಾತ್ರ 2022ರ ಮಾರ್ಚ್ 27ಕ್ಕೆ. ನಡುವಿನ ಕಾಲವೆಲ್ಲ ಹೊರದೇಶದಲ್ಲಿ ಸಿಕ್ಕಿಕೊಂಡ ಭಾರತೀಯರನ್ನು ಕರೆತರುವ ವಂದೇ ಭಾರತ್ ವಿಮಾನಗಳು ಮತ್ತು ಕೆಲವು ದೇಶಗಳೊಂದಿಗಿನ ವಿಶೇಷ ಒಪ್ಪಂದದ ವಿಮಾನಗಳು ಮಾತ್ರ.

ಅಂದರೆ ಸುಮಾರು ಹದಿನೇಳು ತಿಂಗಳು ವೀಸಾ ಸಿಂಧುವಾಗಿದ್ದರೂ ಒಪ್ಪಂದವಿಲ್ಲದ ದೇಶದವನಿಗೆ ನೇರ ವಿಮಾನವಿರಲಿಲ್ಲ. ‘ವೀಸಾ ಬಂತಲ್ಲ, ಇನ್ನೂ ಯಾಕೆ ಬಂದಿಲ್ಲ?’ ಎಂದು ವಿಭಾಗದ ಮುಖ್ಯಸ್ಥರು ಕೇಳುತ್ತಿದ್ದ ಪ್ರಶ್ನೆಗೆ ಉತ್ತರ ಇಲ್ಲಿದೆ. ಹಾಜರಾತಿ ಕಡಿಮೆಯೆಂದು ಅಂಥವರ ಹೆಸರು ಹೊಡೆದುಹಾಕಿದರೆ ಅದು ಸಂಸ್ಥೆಯೇ ತನ್ನ ಕೈಯಾರೆ ಮಾಡಿಕೊಳ್ಳುವ ನಷ್ಟ.

ಹೊಸಬರನ್ನು ಕರೆಸಿಕೊಳ್ಳಲು: ಪತ್ರದಲ್ಲಿ ಏನಿರಬೇಕು?

ಗೊಂದಲದ ಕಾಲದಲ್ಲಿ ಅರ್ಜಿದಾರನಿಗೆ ಬೇಕಾಗುವುದು ಭರವಸೆಗಿಂತ ಹೆಚ್ಚಾಗಿ ದಿನಾಂಕ. ‘ಪರಿಸ್ಥಿತಿ ಸುಧಾರಿಸಿದ ಮೇಲೆ ತಿಳಿಸುತ್ತೇವೆ’ ಎಂಬ ಪತ್ರ ಬಂದವನು ಬೇರೆ ದೇಶಕ್ಕೆ ಅರ್ಜಿ ಹಾಕುತ್ತಾನೆ. ಅದರ ಬದಲು ಪ್ರವೇಶ ಪತ್ರದಲ್ಲಿ ಮೂರು ಗಡುವು ಸ್ಪಷ್ಟವಾಗಿ ಇರಬೇಕು: ಆನ್‌ಲೈನ್ ಪಾಠ ಶುರುವಾಗುವ ದಿನ, ಖುದ್ದಾಗಿ ಬಂದು ಸೇರಲು ಕೊನೆಯ ದಿನ, ಆ ದಿನದೊಳಗೆ ಬರಲಾಗದಿದ್ದರೆ ಯಾವ ಸೆಮಿಸ್ಟರಿಗೆ ಸೀಟು ಮುಂದೂಡಲಾಗುತ್ತದೆ ಎಂಬುದು. ನಾಲ್ಕನೆಯದಾಗಿ ಶುಲ್ಕ ವಾಪಸಾತಿ. 2020-21ರಲ್ಲಿ ನವೆಂಬರ್ 30ರೊಳಗೆ ಪ್ರವೇಶ ರದ್ದು ಮಾಡಿಕೊಂಡವರಿಗೆ ಪೂರ್ತಿ ಶುಲ್ಕ ಮರಳಿಸಬೇಕೆಂದು ಯುಜಿಸಿ ಹೇಳಿತ್ತು. ಇಂಥ ಮಾತನ್ನು ಪತ್ರದಲ್ಲೇ ಬರೆದು ಕೊಟ್ಟರೆ ಪಾಲಕರು ಮುಂಗಡ ಕಟ್ಟಲು ಹಿಂಜರಿಯುವುದಿಲ್ಲ.

ದಾಖಲೆಯ ವಿಷಯಕ್ಕೆ ಬಂದರೆ, ಹೊರದೇಶದ ಶಾಲಾ ಪ್ರಮಾಣಪತ್ರ ನಮ್ಮ ಪಿಯುಸಿಗೆ ಸಮ ಎಂದು ತೋರಿಸಲು ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಸಮಾನತೆ ಪತ್ರ ಕೇಳುವುದು ಆಗ ವಾಡಿಕೆಯಾಗಿತ್ತು. ಲಾಕ್‌ಡೌನ್‌ನಲ್ಲಿ ಅಲ್ಲಿನ ಪರೀಕ್ಷಾ ಮಂಡಳಿಯೇ ಬಾಗಿಲು ಹಾಕಿರುತ್ತದೆ, ಮೂಲ ಅಂಕಪಟ್ಟಿ ಅಂಚೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಸ್ಕ್ಯಾನ್ ಪ್ರತಿಯ ಮೇಲೆ ತಾತ್ಕಾಲಿಕ ಪ್ರವೇಶ ಕೊಟ್ಟು ಮೂಲ ದಾಖಲೆ ತೋರಿಸಲು ಮೊದಲ ವರ್ಷದ ಕೊನೆಯವರೆಗೆ ಸಮಯ ಕೊಡುವುದು ಸರಿಯಾದ ದಾರಿ. ಇಲ್ಲಿ ಎಡವುವುದೆಂದರೆ, ತಾತ್ಕಾಲಿಕ ಎಂದು ಬರೆದು ಗಡುವು ಬರೆಯದೇ ಬಿಡುವುದು. ಮೂರನೇ ವರ್ಷದಲ್ಲಿ ಕಡತ ತೆರೆದಾಗ ಮೂಲ ಅಂಕಪಟ್ಟಿ ಇಲ್ಲ, ಪದವಿ ಪತ್ರ ಕೊಡುವಂತಿಲ್ಲ.

ಇನ್ನು ಉತ್ತರದ ವೇಗ. ಇ-ಮೇಲ್‌ಗೆ 48 ಗಂಟೆಯೊಳಗೆ, ಹೆಸರು ಹಾಕಿ, ಫೋನ್ ನಂಬರ್ ಸಮೇತ ಉತ್ತರಿಸುವ ಒಬ್ಬರು ಇದ್ದರೆ ಸಣ್ಣ ಊರಿನ ಸಂಸ್ಥೆಯೂ ದೊಡ್ಡ ಊರಿನದ್ದನ್ನು ಹಿಂದೆ ಹಾಕುತ್ತದೆ. ಸಾವಿರಾರು ವಿದೇಶಿಯರಿರುವ ಕಡೆ ಪ್ರತಿಯೊಬ್ಬನನ್ನೂ ಹೆಸರು ಹಿಡಿದು ಮಾತಾಡಿಸುವುದು ಆಗದ ಮಾತು. ಇಪ್ಪತ್ತು ಮೂವತ್ತು ಜನರಿರುವ ಕಲಬುರಗಿಯಂಥ ಕಡೆ ಅದು ಒಬ್ಬ ಗುಮಾಸ್ತರ ಅರ್ಧ ದಿನದ ಕೆಲಸ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದರ ನಂತರದ ಯುಜಿಸಿ ಮಾರ್ಗಸೂಚಿಯೂ ಪ್ರತ್ಯೇಕ ಅಂತರರಾಷ್ಟ್ರೀಯ ಕಚೇರಿ ತೆರೆಯಿರಿ ಎನ್ನುತ್ತವೆ. ಬೋರ್ಡು ಹಾಕುವುದು ಸುಲಭ. ಫೋನೆತ್ತುವವರಿಲ್ಲದ ಬೋರ್ಡಿನಿಂದ ಯಾರೂ ಬರುವುದಿಲ್ಲ.

ಪಾಠ: ಗಡಿಯಾರ ಮತ್ತು ಡೇಟಾ

ಆನ್‌ಲೈನ್ ಪಾಠದಲ್ಲಿ ವಿದೇಶಿ ವಿದ್ಯಾರ್ಥಿ ಕಳೆದುಹೋಗುವುದು ಸಾಮಾನ್ಯವಾಗಿ ಬುದ್ಧಿಯ ಕೊರತೆಯಿಂದಲ್ಲ, ಗಂಟೆಯ ಲೆಕ್ಕದಿಂದ. ಕಲಬುರಗಿಯಲ್ಲಿ ಬೆಳಿಗ್ಗೆ 9 ಎಂದರೆ ಕಠ್ಮಂಡುವಿನಲ್ಲಿ 9.15, ಢಾಕಾದಲ್ಲಿ 9.30, ಕಾಬೂಲ್‌ನಲ್ಲಿ 8. ಇಲ್ಲಿಯವರೆಗೆ ತೊಂದರೆಯಿಲ್ಲ. ಯೆಮನ್, ಇಥಿಯೋಪಿಯಾ, ಕೀನ್ಯಾಗಳಲ್ಲಿ ಆಗ 6.30, ಸುಡಾನಿನಲ್ಲಿ 5.30, ನೈಜೀರಿಯಾದಲ್ಲಿ ಬೆಳಗಿನ ಜಾವ 4.30. ವಾರಕ್ಕೆ ಆರು ದಿನ ನಾಲ್ಕೂವರೆಗೆ ಎದ್ದು ಪಾಠ ಕೇಳು ಎಂದರೆ ಎಂಥ ಶ್ರದ್ಧೆಯವನೂ ಎರಡನೇ ತಿಂಗಳಿಗೆ ಸೋಲುತ್ತಾನೆ.

ಪರಿಹಾರ ಸರಳ. ನೇರ ಪಾಠವನ್ನು ಮಧ್ಯಾಹ್ನ 2ರಿಂದ 4ಕ್ಕೆ ಇಡುವುದು. ಆಗ ನೈಜೀರಿಯಾದಲ್ಲಿ 9.30, ಯೆಮನ್‌ನಲ್ಲಿ 11.30, ನೇಪಾಳದಲ್ಲಿ 2.15. ಎಲ್ಲರಿಗೂ ಹಗಲು. ಉಳಿದ ಪಾಠಗಳನ್ನು ರೆಕಾರ್ಡ್ ಮಾಡಿ ಕಳಿಸುವುದು. ವೇಳಾಪಟ್ಟಿಯಲ್ಲಿ ಭಾರತೀಯ ಕಾಲಮಾನದ ಪಕ್ಕದಲ್ಲೇ ಆ ದೇಶದ ಸಮಯವನ್ನೂ ಬರೆಯಬೇಕು. ಇಥಿಯೋಪಿಯಾದವರ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಅಲ್ಲಿ ಗಂಟೆ ಎಣಿಸುವುದು ಸೂರ್ಯೋದಯದಿಂದ. ನಾವು ಬೆಳಿಗ್ಗೆ 7 ಎನ್ನುವುದು ಅವರ ಆಡುಮಾತಿನಲ್ಲಿ 1 ಗಂಟೆ. ‘ಪರೀಕ್ಷೆ 5ಕ್ಕೆ’ ಎಂದು ಮೆಸೇಜ್ ಹಾಕಿ ಸುಮ್ಮನಾದರೆ ಆ ಹುಡುಗ ಯಾವ 5ಕ್ಕೆ ಕೂರುತ್ತಾನೋ ಹೇಳಲಾಗದು. 24 ಗಂಟೆಯ ಗಡಿಯಾರದಲ್ಲಿ, ಎರಡೂ ಊರಿನ ಹೆಸರಿನೊಂದಿಗೆ ಬರೆದರೆ ಈ ಗೊಂದಲ ತಪ್ಪುತ್ತದೆ.

ಎರಡನೆಯದು ಡೇಟಾ. ಒಂದು ಗಂಟೆಯ ನೇರ ವಿಡಿಯೊ ಪಾಠ ಸುಮಾರು 600 ಎಂಬಿ ನುಂಗುತ್ತದೆ ಎಂದುಕೊಳ್ಳೋಣ. ದಿನಕ್ಕೆ ನಾಲ್ಕು ಗಂಟೆ, ತಿಂಗಳಿಗೆ 22 ದಿನ ಎಂದರೆ 53 ಜಿಬಿ ಹತ್ತಿರ. ಭಾರತದಲ್ಲಿ ಡೇಟಾ ಅಗ್ಗ, ಹಾಗಾಗಿ ನಮ್ಮ ಅಧ್ಯಾಪಕರಿಗೆ ಇದು ಹೊರೆ ಎನಿಸುವುದಿಲ್ಲ. ಆಫ್ರಿಕಾದ ಎಷ್ಟೋ ಕಡೆ ಅದು ಕುಟುಂಬದ ತಿಂಗಳ ಖರ್ಚನ್ನೇ ಅಲುಗಾಡಿಸುವ ಮೊತ್ತ. ಅದೇ ಪಾಠವನ್ನು ಧ್ವನಿಯಾಗಿ ಮಾತ್ರ, ಸೆಕೆಂಡಿಗೆ 32 ಕಿಲೋಬಿಟ್ ದರದಲ್ಲಿ ಉಳಿಸಿದರೆ ಗಂಟೆಗೆ 14.4 ಎಂಬಿ. ಜೊತೆಗೆ ಎರಡು ಎಂಬಿಯ ಪಿಡಿಎಫ್ ಸ್ಲೈಡುಗಳು. ತಿಂಗಳಿಗೆ ಒಂದೂವರೆ ಜಿಬಿಯಲ್ಲಿ ಮುಗಿಯುತ್ತದೆ. ಮಾತು ಕೇಳುತ್ತ ಸ್ಲೈಡ್ ನೋಡಬೇಕಾದ್ದರಿಂದ ಅಧ್ಯಾಪಕರು ‘ಇಲ್ಲಿ ನೋಡಿ’ ಎನ್ನುವ ಬದಲು ‘ಏಳನೇ ಸ್ಲೈಡಿನ ಚಿತ್ರ ನೋಡಿ’ ಎನ್ನುವ ರೂಢಿ ಮಾಡಿಕೊಳ್ಳಬೇಕು. ಕೇಳಲು ಸಣ್ಣ ವಿಷಯ, ಆದರೆ ಧ್ವನಿಪಾಠ ಕೆಟ್ಟುಹೋಗುವುದು ಹೆಚ್ಚಾಗಿ ಇಲ್ಲಿಯೇ.

ಪ್ರಯೋಗಾಲಯದ ಕೆಲಸಕ್ಕೆ ಈ ಯಾವ ಉಪಾಯವೂ ನಡೆಯದು. ಬೀದರಿನಲ್ಲಿ ಪಶುವೈದ್ಯ ಕಲಿಯುವವನು ಎಮ್ಮೆಯ ಗರ್ಭ ಪರೀಕ್ಷೆಯನ್ನು ಪರದೆ ನೋಡಿ ಕಲಿಯಲಾರ. ಇಂಥವನ್ನು ಒಟ್ಟುಗೂಡಿಸಿ ಮುಂದಕ್ಕೆ ಇಡಬೇಕು. ಲೆಕ್ಕ ಹೀಗೆ: ಒಂದು ಪ್ರಾಯೋಗಿಕ ವಿಷಯದಲ್ಲಿ 12 ಪ್ರಯೋಗ, ತಲಾ ಎರಡು ಗಂಟೆ, ಒಟ್ಟು 24 ಗಂಟೆ. ದಿನಕ್ಕೆ ನಾಲ್ಕು ಗಂಟೆಯಂತೆ ಆರು ದಿನ. ಸೆಮಿಸ್ಟರಿಗೆ ಎರಡು ಇಂಥ ವಿಷಯವಿದ್ದರೆ ಹನ್ನೆರಡು ಕೆಲಸದ ದಿನ ಸಾಕು. ವಿದ್ಯಾರ್ಥಿ ಬಂದು ಕ್ವಾರಂಟೈನ್ ಮುಗಿಸಿದ ಮೇಲೆ ಎರಡು ವಾರದಲ್ಲಿ ಬಾಕಿ ತೀರುತ್ತದೆ. ಎರಡು ಸೆಮಿಸ್ಟರಿಗಿಂತ ಹೆಚ್ಚು ಬಾಕಿ ಉಳಿಸಿಕೊಳ್ಳಬಾರದು. ಆಮೇಲೆ ಹಳೆಯ ಬಾಕಿಗೂ ಹೊಸ ಪಾಠಕ್ಕೂ ವೇಳೆ ಹೊಂದುವುದಿಲ್ಲ.

ಶಂಷಾಬಾದಿನಲ್ಲಿ ಇಳಿಯಬೇಕೋ, ಬೆಂಗಳೂರಿನಲ್ಲೋ?

ಕಲಬುರಗಿಯ ವಿಮಾನ ನಿಲ್ದಾಣ 2019ರ ನವೆಂಬರ್‌ನಲ್ಲಿ, ಬೀದರಿನ ನಾಗರಿಕ ವಿಮಾನಯಾನ 2020ರ ಫೆಬ್ರವರಿಯಲ್ಲಿ ಶುರುವಾದವು. ಎರಡೂ ಒಳನಾಡಿನ ಹಾರಾಟಕ್ಕೆ. ಹೊರದೇಶದಿಂದ ಬರುವವನಿಗೆ ನಮಗೆ ಹತ್ತಿರದ ಅಂತರರಾಷ್ಟ್ರೀಯ ನಿಲ್ದಾಣ ಹೈದರಾಬಾದಿನ ಶಂಷಾಬಾದ್. ಸಾಮಾನ್ಯ ದಿನಗಳಲ್ಲಿ ಅದೇ ಸರಿ.

ಮಹಾಮಾರಿಯಲ್ಲಿ ಮಾತ್ರ ಈ ಹತ್ತಿರದ ದಾರಿಯೇ ತೊಡಕಾಗುತ್ತದೆ. 2020ರ ಮೇ ಕೊನೆಯಲ್ಲಿ ಕೇಂದ್ರ ಹೊರಡಿಸಿದ ನಿಯಮದಂತೆ ಹೊರದೇಶದಿಂದ ಬಂದವರು 7 ದಿನ ಸ್ವಂತ ಖರ್ಚಿನಲ್ಲಿ ಸಾಂಸ್ಥಿಕ ಕ್ವಾರಂಟೈನ್, ಆಮೇಲೆ 7 ದಿನ ಮನೆಯಲ್ಲಿ ಪ್ರತ್ಯೇಕ ಇರಬೇಕಿತ್ತು. ಜೊತೆಗೆ ರಾಜ್ಯಗಳು ತಮ್ಮದೇ ನಿಯಮ ಸೇರಿಸುತ್ತಿದ್ದವು. ಕರ್ನಾಟಕಕ್ಕೆ ಹೊರರಾಜ್ಯದಿಂದ ಬರಲು ಆಗ ಸೇವಾ ಸಿಂಧುವಿನಲ್ಲಿ ನೋಂದಣಿ ಬೇಕಿತ್ತು. ಶಂಷಾಬಾದಿನಲ್ಲಿ ಇಳಿದವನು ತೆಲಂಗಾಣದ ನಿಯಮವನ್ನೂ ಗಡಿ ದಾಟಿದ ಮೇಲೆ ಕರ್ನಾಟಕದ ನಿಯಮವನ್ನೂ ಪಾಲಿಸಬೇಕು. ಗಡಿಯ ಚೆಕ್‌ಪೋಸ್ಟ್‌ನಲ್ಲಿ ಹಿಂದಿಯೂ ಬಾರದ, ಕನ್ನಡವೂ ಬಾರದ ಹತ್ತೊಂಬತ್ತರ ಹುಡುಗ ಏನು ವಿವರಿಸಿಯಾನು? ಹಾಗಾಗಿ ರಾಜ್ಯಗಳ ನಡುವೆ ಪಾಸ್ ಬೇಕಾಗುವಂಥ ದಿನಗಳಲ್ಲಿ ದೂರವಾದರೂ ಬೆಂಗಳೂರಿನಲ್ಲಿ ಇಳಿದು ಅಲ್ಲೇ ಕ್ವಾರಂಟೈನ್ ಮುಗಿಸಿ ರೈಲು ಹತ್ತುವುದು ಮೇಲು. ಒಂದೇ ರಾಜ್ಯ, ಒಂದೇ ನಿಯಮ. ಗಡಿ ಸಲೀಸಾದ ಮೇಲೆ ಶಂಷಾಬಾದ್.

ಎಲ್ಲೇ ಇಳಿಯಲಿ, ಕಿಸೆಯಲ್ಲಿ ಕಾಗದದ ಮೇಲೆ ಅಚ್ಚಾದ ಒಂದು ಪತ್ರ ಇರಬೇಕು: ವಿದ್ಯಾರ್ಥಿಯ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಕೋರ್ಸು, ಹಾಸ್ಟೆಲ್ ವಿಳಾಸ, ಯಾವ ಹೊತ್ತಿನಲ್ಲೂ ಎತ್ತುವ ಫೋನ್ ನಂಬರು. ವಿಮಾನ ಇಳಿದವನ ಮೊಬೈಲಿನಲ್ಲಿ ಭಾರತದ ಸಿಮ್ ಇರುವುದಿಲ್ಲ, ಇ-ಮೇಲ್ ತೆರೆಯುವುದಿಲ್ಲ. ಕಾಗದವೇ ಗತಿ.

ಬಂದ ಮೊದಲ ಎರಡು ವಾರ

ಹಾಸ್ಟೆಲಿನಲ್ಲೋ ಬಾಡಿಗೆ ಮನೆಯಲ್ಲೋ ವಿದೇಶಿಯೊಬ್ಬರು ಬಂದು ಇಳಿದ 24 ಗಂಟೆಯೊಳಗೆ ಮಾಲೀಕರು ‘ಫಾರ್ಮ್ ಸಿ’ ಎಂಬ ವಿವರವನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು ಎಂಬುದು ಆಗ ಜಾರಿಯಲ್ಲಿದ್ದ ನಿಯಮ. 1946ರ ವಿದೇಶಿಯರ ಕಾಯ್ದೆಯ ಜಾಗದಲ್ಲಿ 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ. ಆಶ್ರಯ ಕೊಟ್ಟವರು, ಸೇರಿಸಿಕೊಂಡ ವಿದ್ಯಾಸಂಸ್ಥೆ ಮಾಹಿತಿ ಕೊಡಬೇಕೆಂಬ ಹೊಣೆ ಅದರಲ್ಲೂ ಇದೆ. ಖೋಲಿ ಬಾಡಿಗೆ ಕೊಡುವವರು ಇದನ್ನು ಅರಿಯಬೇಕು. ‘ಹುಡುಗ ಒಳ್ಳೆಯವನು, ಬಾಡಿಗೆ ಸರಿಯಾಗಿ ಕೊಡುತ್ತಾನೆ’ ಎಂಬುದು ಪೊಲೀಸರ ಮುಂದೆ ಉತ್ತರವಾಗುವುದಿಲ್ಲ.

180 ದಿನಕ್ಕಿಂತ ದೀರ್ಘ ವೀಸಾದವರು ಬಂದ 14 ದಿನದೊಳಗೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ನೋಂದಾಯಿಸಬೇಕು. 2018ರಿಂದ ಇದು ಇ-ಎಫ್‌ಆರ್‌ಆರ್‌ಒ ಜಾಲತಾಣದಲ್ಲಿ ಆಗುತ್ತದೆ. ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿ, ಫೋಟೊ, ಕಾಲೇಜಿನ ಬೋನಾಫೈಡ್ ಪತ್ರ, ವಾಸದ ದಾಖಲೆ ಬೇಕು. ಕೊನೆಯದಕ್ಕೆ ಆಗ ಫಾರ್ಮ್ ಸಿ ಪ್ರತಿಯೇ ಆಧಾರವಾಗುತ್ತಿತ್ತು. ಮೊದಲ ಕಾಗದ ತಪ್ಪಿದರೆ ಎರಡನೆಯದೂ ತಪ್ಪುವುದು ಹೀಗೆ. ಕ್ವಾರಂಟೈನ್‌ನಲ್ಲೇ ಏಳು ದಿನ ಕಳೆದುಹೋಗುವುದರಿಂದ ಉಳಿಯುವುದು ಒಂದೇ ವಾರ. ಕಚೇರಿಯವರು ವಿದ್ಯಾರ್ಥಿ ಹೊರಬರಲಿ ಎಂದು ಕಾಯದೆ ಅವನು ಒಳಗಿರುವಾಗಲೇ ಅರ್ಜಿ ಶುರು ಮಾಡಿಸಬೇಕು.

ಆ ಏಳು ದಿನದ ಕೋಣೆಗೆ ಪ್ರತ್ಯೇಕ ಶೌಚಾಲಯ ಮೊದಲ ಷರತ್ತು. ಒಳಗೆ ಥರ್ಮಾಮೀಟರ್, ಆಕ್ಸಿಮೀಟರ್ ಇರಲಿ. ಆಮ್ಲಜನಕದ ಅಂಕಿ 94ಕ್ಕಿಂತ ಕೆಳಗೆ ಬಂದರೆ ಯಾರಿಗೆ ಫೋನ್ ಮಾಡಬೇಕೆಂದು ಗೋಡೆಗೆ ಅಂಟಿಸಿರಬೇಕು. ಕುಡಿಯಲು 20 ಲೀಟರ್ ನೀರಿನ ಕ್ಯಾನು. ಮಾರ್ಚಿನಿಂದ ಜೂನ್‌ವರೆಗೆ ಕೂಲರ್ ಇಲ್ಲದ ಕೋಣೆಯಲ್ಲಿ ಹೊರಗಿನವರನ್ನು ಕೂಡಿಹಾಕುವುದು ಕಾಯಿಲೆಗಿಂತ ಅಪಾಯ. ನಮ್ಮ ಬಿಸಿಲು 44 ಡಿಗ್ರಿ ಮುಟ್ಟುತ್ತದೆ, ಸೆಕೆಯ ಜ್ವರವನ್ನು ಕೋವಿಡ್ ಎಂದು ಹೆದರುವುದೂ ಉಂಟು. ಊಟದ ಬಗ್ಗೆ ಒಂದು ಮಾತು: ಖಡಕ್ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ನಮಗೆ ಪಂಚಾಮೃತ, ಮೊದಲ ದಿನವೇ ತಿಂದ ವಿದೇಶಿಗೆ ಹೊಟ್ಟೆಬೇನೆ. ಅನ್ನ, ಬೇಯಿಸಿದ ಮೊಟ್ಟೆ, ಬಾಳೆಹಣ್ಣು, ಮೊಸರಿನಿಂದ ಶುರು ಮಾಡಿ ಖಾರವನ್ನು ಎರಡನೇ ವಾರಕ್ಕೆ ಬಿಟ್ಟರೆ ಸಾಕು. ರಂಜಾನ್ ಬಂದರೆ ಸಹರಿ ಹೊತ್ತಿಗೆ ಖಾನಾವಳಿ ತೆರೆಸುವುದು ಕಲಬುರಗಿಯಲ್ಲಾಗಲಿ ಬೀದರಿನಲ್ಲಾಗಲಿ ಕಷ್ಟವಲ್ಲ. ಇದು ನಮ್ಮ ಊರುಗಳ ಅನುಕೂಲ, ಹೇಳಿಕೊಳ್ಳಬೇಕು.

ಲಸಿಕೆ, ವೀಸಾ ಅವಧಿ, ಒಂಟಿತನ

2021ರ ಮೇ 1ರಿಂದ 18 ದಾಟಿದವರಿಗೆಲ್ಲ ಲಸಿಕೆ ಮುಕ್ತವಾಯಿತು. ಆದರೆ ಇಲ್ಲಿ ನೆಲೆಸಿದ ವಿದೇಶಿಯರು ಪಾಸ್‌ಪೋರ್ಟ್ ತೋರಿಸಿ ಕೋವಿನ್‌ನಲ್ಲಿ ನೋಂದಾಯಿಸಬಹುದು ಎಂದು ಕೇಂದ್ರ ಹೇಳಿದ್ದು ಆಗಸ್ಟ್ 9ರಂದು. ನಡುವಿನ ಮೂರು ತಿಂಗಳು, ಅಂದರೆ ಎರಡನೇ ಅಲೆಯ ಕಡುದಿನಗಳನ್ನೂ ಸೇರಿಸಿ, ಆಧಾರ್ ಇಲ್ಲದ ವಿದ್ಯಾರ್ಥಿ ಗೊಂದಲದಲ್ಲೇ ಇದ್ದ. ಇಂಥ ಹೊತ್ತಿನಲ್ಲಿ ಪಾಸ್‌ಪೋರ್ಟ್ ಸಂಖ್ಯೆಗಳ ಪಟ್ಟಿ ಹಿಡಿದು ಜಿಲ್ಲಾ ಆರೋಗ್ಯಾಧಿಕಾರಿಗಳ ಬಳಿ ಹೋಗಬೇಕಾದ್ದು ವಿದ್ಯಾರ್ಥಿಯಲ್ಲ, ಸಂಸ್ಥೆ.

ವಿಮಾನವಿಲ್ಲದೆ ಸಿಕ್ಕಿಕೊಂಡವರ ವೀಸಾ ಅವಧಿಯನ್ನು ಸರ್ಕಾರ ಶುಲ್ಕವಿಲ್ಲದೆ ಹಲವು ಸಲ ವಿಸ್ತರಿಸಿ 2021ರ ಸೆಪ್ಟೆಂಬರ್ 30ರವರೆಗೆ ಎಳೆಯಿತು. ಇದನ್ನೇ ನಂಬಿ ಕೂತವರಿಗೆ ಅಕ್ಟೋಬರ್‌ನಲ್ಲಿ ಪೀಕಲಾಟ. ಪ್ರತಿಯೊಬ್ಬರ ವೀಸಾ ಮುಗಿಯುವ ದಿನವನ್ನು ಒಂದು ಹಾಳೆಯಲ್ಲಿ ಬರೆದಿಟ್ಟು ಎರಡು ತಿಂಗಳು ಮೊದಲೇ ವಿಸ್ತರಣೆಗೆ ಅರ್ಜಿ ಹಾಕಿಸುವುದೇ ಸರಿಯಾದ ಕ್ರಮ.

ಒಂಟಿತನದ ಗುರುತು ಕಣ್ಣೀರಲ್ಲ, ಖಾಲಿ ತಟ್ಟೆ. ಖಾನಾವಳಿಗೆ ಮೂರು ದಿನ ಬಾರದವನ ಕೋಣೆಗೆ ಯಾರಾದರೂ ಹೋಗಿ ಮಾತಾಡಿಸಬೇಕು. 2022ರಲ್ಲಿ ಶುರುವಾದ ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿ 14416 ಈಗ ಇದೆ, ಇಂಗ್ಲಿಷಿನಲ್ಲೂ ಮಾತಾಡಬಹುದು.

ಹಣ ಎಲ್ಲಿ ಸೋರುತ್ತದೆ?

ಶುಲ್ಕ 1,500 ಡಾಲರ್ ಎನ್ನಿ. ತಂದೆ 1,500 ಕಳಿಸುತ್ತಾನೆ, ಕಾಲೇಜಿನ ಖಾತೆಗೆ 1,470 ಬರುತ್ತದೆ. ಯಾರೂ ಮೋಸ ಮಾಡಿಲ್ಲ, ನಡುವಿನ ಬ್ಯಾಂಕುಗಳು ತಮ್ಮ ಖರ್ಚು ಹಿಡಿದುಕೊಂಡಿವೆ. ಹಣ ರವಾನೆಯ ಅರ್ಜಿಯಲ್ಲಿ ಖರ್ಚು ಯಾರದು ಎಂಬ ಅಂಕಣವಿರುತ್ತದೆ. ‘ಪೂರ್ತಿ ಖರ್ಚು ಕಳಿಸುವವರದು’ ಎಂದು ಆರಿಸಿದರೆ ಮೊತ್ತ ಸಾಮಾನ್ಯವಾಗಿ ಕಡಿತವಿಲ್ಲದೆ ಬರುತ್ತದೆ. ಇದನ್ನು ಪ್ರವೇಶ ಪತ್ರದಲ್ಲೇ ಬರೆದಿಡದ ಕಾರಣಕ್ಕೆ 30 ಡಾಲರ್ ಬಾಕಿಯೆಂದು ಹಾಲ್ ಟಿಕೆಟ್ ತಡೆಹಿಡಿಯುವ ಪ್ರಸಂಗಗಳು ಹುಟ್ಟುತ್ತವೆ.

ಮಹಾಮಾರಿಯಲ್ಲಿ ಇದಕ್ಕಿಂತ ದೊಡ್ಡ ತೊಡಕು, ಅಲ್ಲಿನ ಮನೆಯ ಆದಾಯವೇ ನಿಂತಿರುವುದು. ಇಲ್ಲಿ ದುಡಿದು ತುಂಬಿಕೊಳ್ಳಲು ವೀಸಾ ಬಿಡುವುದಿಲ್ಲ. ಆದ್ದರಿಂದ ವರ್ಷದ ಶುಲ್ಕವನ್ನು ಮೂರು ಕಂತು ಮಾಡುವುದು, ತಡವಾದರೆ ದಂಡ ಬಿಡುವುದು, ಬಳಸದ ತಿಂಗಳುಗಳ ಹಾಸ್ಟೆಲ್ ಶುಲ್ಕವನ್ನು ಮುಂದಿನ ವರ್ಷಕ್ಕೆ ಹೊಂದಿಸುವುದು, ಇವು ರಿಯಾಯಿತಿಗಿಂತ ಹೆಚ್ಚು ಕೆಲಸ ಮಾಡುತ್ತವೆ. ಶೇ. 10 ಕಡಿತ ಕೊಟ್ಟು ಒಂದೇ ಸಲ ಕಟ್ಟು ಎಂದರೆ ಕೈಯಲ್ಲಿ ಹಣವಿಲ್ಲದವನಿಗೆ ಏನು ಬಂತು?

ನಮ್ಮ ಮಕ್ಕಳು ಹೊರಗೆ ಹೋದಾಗ

ಇದೇ ಲೆಕ್ಕವನ್ನು ತಿರುವಿದರೆ ಮಕ್ಕಳನ್ನು ಹೊರದೇಶಕ್ಕೆ ಕಳಿಸುವ ಇಲ್ಲಿನ ಪಾಲಕರಿಗೆ ಉಪಯೋಗ. ಅಮೆರಿಕ 2020ರ ಜುಲೈ 6ರಂದು, ಬರೀ ಆನ್‌ಲೈನ್ ಪಾಠವಿರುವ ವಿದೇಶಿಯರು ದೇಶದಲ್ಲಿ ಇರುವಂತಿಲ್ಲ ಎಂದಿತು. ಹಾರ್ವರ್ಡ್ ಮತ್ತು ಎಂಐಟಿ ಕೋರ್ಟಿಗೆ ಹೋದವು. ಜುಲೈ 14ಕ್ಕೆ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ಆಸ್ಟ್ರೇಲಿಯಾ 2020ರ ಮಾರ್ಚ್ 20ಕ್ಕೆ ಮುಚ್ಚಿದ ಗಡಿಯನ್ನು ವಿದ್ಯಾರ್ಥಿಗಳಿಗೆ ತೆರೆದದ್ದು 2021ರ ಡಿಸೆಂಬರ್ 15ಕ್ಕೆ. ಚೀನಾದಲ್ಲಿ ವೈದ್ಯಕೀಯ ಓದುತ್ತಿದ್ದ ಸಾವಿರಾರು ಭಾರತೀಯರು 2022ರವರೆಗೆ ಊರಲ್ಲೇ ಕೂತರು. ಬರೀ ಆನ್‌ಲೈನ್‌ನಲ್ಲಿ ಮಾಡಿದ ವೈದ್ಯ ಪದವಿ ನಡೆಯುವುದಿಲ್ಲ ಎಂದು ನಮ್ಮ ವೈದ್ಯಕೀಯ ಆಯೋಗ ಹೇಳಿದ್ದರಿಂದ ಎರಡೂ ಕಡೆ ಸಿಕ್ಕಿಕೊಂಡರು. ಕೆನಡಾ ಮಾತ್ರ, ತನ್ನ ದೇಶದ ಹೊರಗೆ ಕೂತು ಆನ್‌ಲೈನ್‌ನಲ್ಲಿ ಓದಿದ ಅವಧಿಯನ್ನೂ ಪದವಿಯ ನಂತರದ ಕೆಲಸದ ಪರವಾನಗಿಗೆ ಎಣಿಸುವುದಾಗಿ ಹೇಳಿತು. ಬೇರೆ ದೇಶದ ಸಂಸ್ಥೆಗೆ ಮುಂಗಡ ಕಟ್ಟುವ ಮುಂಚೆ ಪಾಲಕರು ಬರವಣಿಗೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಇಲ್ಲಿಂದಲೇ ಹುಟ್ಟುತ್ತವೆ: ಗಡಿ ಮುಚ್ಚಿದರೆ ಸೀಟನ್ನು ಎಷ್ಟು ಕಾಲ ಕಾಯ್ದಿಡುತ್ತೀರಿ, ಆನ್‌ಲೈನ್ ಅವಧಿ ಪದವಿಗೂ ವೃತ್ತಿ ಮಂಡಳಿಯ ನೋಂದಣಿಗೂ ಎಣಿಕೆಯಾಗುತ್ತದೆಯೇ, ವೀಸಾ ಸಿಗದಿದ್ದರೆ ಎಷ್ಟು ದಿನದಲ್ಲಿ ಎಷ್ಟು ಹಣ ವಾಪಸು, ಕ್ವಾರಂಟೈನ್ ಖರ್ಚು ಯಾರದು. ಕಲಬುರಗಿಗೆ ಬರಲು ಅರ್ಜಿ ಹಾಕುವ ನೈಜೀರಿಯಾದ ತಂದೆಯೂ ಇವನ್ನೇ ಕೇಳುತ್ತಾನೆ. ಅವನ ಪತ್ರ ಬಂದ 48 ಗಂಟೆಯೊಳಗೆ ಈ ನಾಲ್ಕಕ್ಕೂ ಲಿಖಿತ ಉತ್ತರ ಹೋಗುವಂತೆ ಮಾದರಿ ಪತ್ರವೊಂದನ್ನು ಪ್ರತಿ ವರ್ಷ ಏಪ್ರಿಲ್‌ನಲ್ಲೇ ಸಿದ್ಧಮಾಡಿಟ್ಟುಕೊಳ್ಳಬಹುದು.